ತೊಡೆಯ ಮೇಲಿನ ಯಂತ್ರ

ಕಾಲೇಜುಗಳ ಬಾಗಿಲು ತೆರೆಯುವ ಕಾಲ ಬಂದಿತೆಂದರೆ ಮಧ್ಯಮ ವರ್ಗದ ಮನೆಗಳಲ್ಲಿ ಈಚೆಗೆ ಹೊಸದೊಂದು ಚರ್ಚೆ ಹುಟ್ಟುತ್ತದೆ. ಶುಲ್ಕ, ಪುಸ್ತಕ, ಬಸ್ಸಿನ ಪಾಸು ಇವುಗಳ ಲೆಕ್ಕ ಮುಗಿದ ಮೇಲೆ ಮಗನೋ ಮಗಳೋ ಮೆಲ್ಲನೆ, “ಲ್ಯಾಪ್‌ಟಾಪ್ ಒಂದು ಬೇಕಾಗಿತ್ತು” ಎಂದು ಮಾತು ತೆಗೆಯುತ್ತಾರೆ. ತಂದೆ ಪತ್ರಿಕೆಯ ಮರೆಗೆ ಸರಿಯುತ್ತಾನೆ. ತಾಯಿ ಚೀಟಿಯ ಕಂತು ಎಷ್ಟು ಉಳಿದಿದೆಯೆಂದು ಮನಸ್ಸಿನಲ್ಲೇ ಎಣಿಸುತ್ತಾಳೆ. ಸಾಧಾರಣವಾದ ಯಂತ್ರಕ್ಕೂ 35,000 ರೂಪಾಯಿಯ ಆಸುಪಾಸು. ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಯುವ ಮನೆಯಲ್ಲಾದರೆ, ಹುಳು ನಾಲ್ಕು ಜ್ವರ ಕಳೆದು, ಹಣ್ಣಾಗಿ, ಚಂದ್ರಿಕೆಯೇರಿ, ಗೂಡು ಹರಾಜಿನಲ್ಲಿ ಒಳ್ಳೆಯ ಬೆಲೆ ಕಂಡರೆ ಮಾತ್ರ ಆ ಹಣ ಕೈ ಸೇರಬೇಕು.

ಆದುದರಿಂದ ಮೊದಲು ಪ್ರಶ್ನೆಯನ್ನು ಸರಿಯಾಗಿ ಕೇಳಿಕೊಳ್ಳಬೇಕು: ವಿದ್ಯಾರ್ಥಿಗೆ ಬೇಕಾದುದು ಯಂತ್ರದ ಒಡೆತನವೋ, ಬಳಕೆಯೋ?

ಚಿಂತಾಮಣಿಯಲ್ಲಿ ಬಿ.ಸಿ.ಎ. ಓದುವವಳಿಗೆ ಅದು ದಿನನಿತ್ಯದ ಸಾಧನೆಯ ವಸ್ತು. ವೀಣೆಯಿಲ್ಲದೆ ಸಂಗೀತ ಕಲಿಸಿದಂತೆ ಆಕೆಗೆ ಕಾಗದದ ಮೇಲೆ ಪ್ರೋಗ್ರಾಮ್ ಕಲಿಸಲಾಗದು. ಬಿ.ಕಾಂ. ವಿದ್ಯಾರ್ಥಿಗೆ ಟ್ಯಾಲಿ ಕಲಿಯಲು ವಾರದಲ್ಲಿ ಕೆಲವು ಗಂಟೆ ಸಾಕು. ಚರಿತ್ರೆಯನ್ನೋ ಕನ್ನಡವನ್ನೋ ಆಯ್ದವನಿಗೆ ಗ್ರಂಥಾಲಯವೇ ಮುಖ್ಯ; ಅವನ ಪರೀಕ್ಷೆ ಇಂದಿಗೂ ಲೇಖನಿಯಿಂದಲೇ ನಡೆಯುತ್ತದೆ. ಪ್ರವೇಶಕ್ಕೂ ಪರೀಕ್ಷಾ ಶುಲ್ಕಕ್ಕೂ ಅಂತರ್ಜಾಲ ಬೇಕು, ನಿಜ; ಆ ಕೆಲಸ ಮೊಬೈಲಿನಲ್ಲಾದರೂ ಆಗುತ್ತದೆ. ಆದರೆ ಇಪ್ಪತ್ತು ಪುಟದ ಪ್ರಬಂಧವನ್ನು ಅಂಗೈಯಗಲದ ಪರದೆಯ ಮೇಲೆ ಬರೆದು ತಿದ್ದುವ ಪಾಡು ಶತ್ರುವಿಗೂ ಬೇಡ.

ಸರ್ಕಾರ ಈ ಕಷ್ಟವನ್ನು ಕಾಣದೆ ಇರಲಿಲ್ಲ. 2020ರಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಮೊದಲ ವರ್ಷದ ಒಂದು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಕೊಡುವ ಯೋಜನೆ ನಡೆಯಿತು. ಕೊರೋನಾ ಕಾಲದಲ್ಲಿ ತರಗತಿಗಳು ಮನೆ ಸೇರಿದಾಗ, 2021ರಲ್ಲಿ, 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಲು ತೊಡಗಿದರು. ಉಪಕಾರವೇ ಸರಿ. ಆದರೆ ಕೈಗೆ ಕೊಟ್ಟ ಯಂತ್ರ ಪಡೆದವರೊಡನೆ ಕಾಲೇಜು ಬಿಟ್ಟು ಹೋಯಿತು. ಮರುವರ್ಷ ಬಂದವರು ಮತ್ತೆ ಬರಿಗೈಯಲ್ಲಿ ನಿಂತರು.

“ಹಿಂದಿನವರಿಗೆ ಇದೆಲ್ಲ ಇತ್ತೆ?” ಎಂದು ಕೇಳುವ ಹಿರಿಯರುಂಟು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಓದುವ ಹಂಬಲದಿಂದ ಕಾಲ್ನಡಿಗೆಯಲ್ಲೇ ಬೆಂಗಳೂರು ಸೇರಿದರು. ಅಮೆರಿಕೆಯಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದರು. 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಅವರ ಹೆಸರು ಹೇಳಿ ಇಂದಿನ ಮಕ್ಕಳ ಬಾಯಿ ಮುಚ್ಚಿಸುವುದು ಸುಲಭ. ಆದರೆ ನರಸಿಂಹಯ್ಯನವರು ತಾವು ನಡೆದ ದಾರಿಯನ್ನು ಎಲ್ಲರೂ ನಡೆಯಲೆಂದು ಸುಮ್ಮನಾಗಲಿಲ್ಲ. ನ್ಯಾಷನಲ್ ಕಾಲೇಜನ್ನೇ ಗೌರಿಬಿದನೂರಿಗೂ ಬಾಗೇಪಲ್ಲಿಗೂ ತಂದರು. ಬಡವನ ಮಗ ಕಷ್ಟಪಟ್ಟು ಗೆದ್ದುದು ಒಂದು ಪಾಠವಾದರೆ, ಆ ಕಷ್ಟ ಇನ್ನೊಬ್ಬನಿಗೆ ಬೇಡವೆಂದುದು ಅದಕ್ಕಿಂತ ದೊಡ್ಡ ಪಾಠ.

ಯಂತ್ರದ ವಿಷಯದಲ್ಲೂ ನ್ಯಾಯ ಇದೇ. ಚಿಕ್ಕಬಳ್ಳಾಪುರದಂಥ ಊರಿನ ಕಾಲೇಜುಗಳಲ್ಲಿ ಗಣಕ ಕೊಠಡಿಯು ಪ್ರಾಯೋಗಿಕ ತರಗತಿಗೆ ಮಾತ್ರ ತೆರೆದು, ಪಾಠ ಮುಗಿದೊಡನೆ ಬೀಗ ಕಾಣುವುದಾದರೆ, ಹಳ್ಳಿಯ ಬಸ್ಸಿಗೆ ಕಾಯುವ ಮಕ್ಕಳಿಗೆ ಅದು ಇದ್ದೂ ಇಲ್ಲದಂತೆ. ಬೆಳಗಿನ ಒಂದು ಗಂಟೆ, ಸಂಜೆಯ ಎರಡು ಗಂಟೆ ಎಲ್ಲ ವಿಭಾಗದವರಿಗೂ ಅದು ತೆರೆದಿದ್ದರೆ ಎಷ್ಟೋ ಮನೆಗಳ ಸಾಲ ತಪ್ಪೀತು. ಇನ್ನೊಂದು ಮಾತು: ಒಂದನ್ನೇ ಕೊಳ್ಳಬಲ್ಲ ಮನೆಯಲ್ಲಿ ಅದು ಅಣ್ಣನ ಮೇಜು ಸೇರಿ, ತಂಗಿಯ ಸರದಿ ಬಾರದಿರುವುದುಂಟು. ಕಾಲೇಜಿನ ಯಂತ್ರ ಅಂಥ ಭೇದವನ್ನು ಅರಿಯದು.

ಗಣಕವೇ ವ್ಯಾಸಂಗವಾದವರಿಗೆ, ಕೈಲಾದರೆ, ತಂದೆತಾಯಿಗಳು ಹಿಂದೆ ಮುಂದೆ ನೋಡದೆ ಕೊಡಿಸಲಿ. ಬಳಸಿದ ಯಂತ್ರವಾದರೂ ಅವಮಾನವಿಲ್ಲ. ಉಳಿದವರು ಅಂಗಡಿಗೆ ಹೋಗುವ ಮೊದಲು ಒಮ್ಮೆ ಕಾಲೇಜಿಗೆ ಹೋಗಿ, ಗಣಕ ಕೊಠಡಿ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆಂದು ವಿಚಾರಿಸಲಿ. ಹತ್ತು ಮಂದಿ ತಂದೆತಾಯಿಗಳು ಹಾಗೆ ಕೇಳಿದರೆ, ಬೀಗದ ಕೈ ಹೊರಬರುವುದಕ್ಕೆ ಬಹಳ ದಿನ ಹಿಡಿಯಲಾರದು.