ಅಟ್ಟದ ಮೇಲಿನ ಏವೋಮೀಟರು

ಮುಂಬಯಿಯ ಹಳೆಯ ಚಾಳುಗಳು ಒಂದೊಂದಾಗಿ ನೆಲಸಮವಾಗಿ ಬಹುಮಹಡಿ ಕಟ್ಟಡಗಳು ಏಳುತ್ತಿರುವ ಈ ಕಾಲದಲ್ಲಿ ನಮ್ಮವರ ಮನೆಗಳ ಅಟ್ಟಗಳೂ ಬರಿದಾಗುತ್ತಿವೆ. ತಾಮ್ರದ ಹಂಡೆಗೆ ಹೊಸ ಮನೆಯಲ್ಲಿ ಹೇಗೋ ಒಂದು ಮೂಲೆ ದೊರೆತೀತು. ಆದರೆ ಟೆಲಿಫೋನ್ ಖಾತೆಯಲ್ಲೋ, ರೈಲ್ವೆಯಲ್ಲೋ, ಗಿರಣಿಯಲ್ಲೋ ದುಡಿದ ಹಿರಿಯರು ಜೋಪಾನವಾಗಿಟ್ಟ ಕರಿಯ ಮೀಟರು ಮಾತ್ರ ತೂಕದ ಲೆಕ್ಕದಲ್ಲಿ ಭಂಗಾರದವನ ಪಾಲಾಗುತ್ತದೆ. ಹಾಗೆ ಕೊಡುವ ಮುನ್ನ ಒಂದು ಗಳಿಗೆ ನಿಲ್ಲಿರೆಂದು ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ.

ಮೀಟರಿನ ಮುಖದ ಮೇಲೆ 'ಏವೋ' ಎಂದಿದ್ದರೆ ಅದಕ್ಕೊಂದು ಚರಿತ್ರೆಯೇ ಇದೆ. ಬ್ರಿಟಿಷ್ ಅಂಚೆ ಇಲಾಖೆಯ ಇಂಜಿನಿಯರರಾಗಿದ್ದ ಡೊನಾಲ್ಡ್ ಮೆಕಾಡಿ ಎಂಬವರು, ಟೆಲಿಫೋನ್ ದುರಸ್ತಿಗೆ ಹತ್ತಾರು ಉಪಕರಣಗಳನ್ನು ಹೊತ್ತು ಬೇಸತ್ತು, ಆಂಪಿಯರ್, ವೋಲ್ಟ್, ಓಮ್ ಮೂರನ್ನೂ ಅಳೆಯುವ ಒಂದೇ ಮೀಟರನ್ನು ಕಲ್ಪಿಸಿದರು. ಮೂರರ ಮೊದಲಕ್ಷರಗಳೇ ಅದರ ಹೆಸರಾದವು. 1923ರಲ್ಲಿ ಅದು ಮಾರುಕಟ್ಟೆಗೆ ಬಂದಿತು. 1951ರಲ್ಲಿ ಬಂದ ಎಂಟನೆಯ ಮಾದರಿಯಂತೂ ಸಣ್ಣಪುಟ್ಟ ಮಾರ್ಪಾಟುಗಳೊಡನೆ 2008ರವರೆಗೂ ತಯಾರಾಗುತ್ತಿತ್ತು.

ಕೆಲವೇ ನೂರು ರೂಪಾಯಿಗೆ ಡಿಜಿಟಲ್ ಮೀಟರು ಸಿಗುವಾಗ ಈ ಭಾರವೇಕೆಂದು ಕೇಳುವಿರಿ. ಒಂದು ಲೆಕ್ಕ ನೋಡೋಣ. 200 ವೋಲ್ಟಿಗೆ ತಲಾ 10 ಲಕ್ಷ ಓಮಿನ ಎರಡು ರೆಸಿಸ್ಟರುಗಳನ್ನು ಸಾಲಾಗಿ ಜೋಡಿಸಿದರೆ ನಡುವೆ ಇರಬೇಕಾದದ್ದು 100 ವೋಲ್ಟ್. ಅಲ್ಲಿ ಏವೋ ತೋರಿಸುವುದು 80. ಡಿಜಿಟಲ್ ಮೀಟರು ತೋರಿಸುವುದು ಸುಮಾರು 95. ಅಳೆಯಲೆಂದು ಮೀಟರು ತಾನೂ ಒಂದಿಷ್ಟು ವಿದ್ಯುತ್ತನ್ನು ಹೀರುವುದೇ ಇದಕ್ಕೆ ಕಾರಣ. ಉಪ್ಪು ನೋಡಲೆಂದು ಸೌಟುಗಟ್ಟಲೆ ಸಾರು ಕುಡಿದರೆ ಪಾತ್ರೆಯ ಮಟ್ಟವೇ ಇಳಿಯುವುದಿಲ್ಲವೇ? ಹಳೆಯ ವಾಲ್ವ್ ರೇಡಿಯೋಗಳ ದುರಸ್ತಿ ಪುಸ್ತಿಕೆಗಳಲ್ಲಿ ಎಷ್ಟೋ ಕಡೆ ಇಂತಹ ಮೀಟರು ತೋರಿದ ಅಂಕಿಗಳನ್ನೇ ಅಚ್ಚು ಹಾಕಿರುವರು. ಇದನ್ನರಿಯದೆ ಹೊಸ ಮೀಟರು ಹಿಡಿದವರು ನೆಟ್ಟಗಿರುವ ಭಾಗವನ್ನೇ ಕೆಟ್ಟಿತೆಂದು ಕಿತ್ತುಹಾಕುವುದುಂಟು.

ಇನ್ನು ದುರಸ್ತಿಯ ಮಾತು. ಮೊದಲು ಬ್ಯಾಟರಿಯ ಗೂಡನ್ನು ತೆರೆದು ನೋಡಬೇಕು. ಒಳಗೆ 1.5 ವೋಲ್ಟಿನ ಒಂದು ಸೆಲ್ಲೂ 15 ವೋಲ್ಟಿನ ಚಿಕ್ಕದೊಂದು ಬ್ಯಾಟರಿಯೂ ಇರುತ್ತವೆ. ಸೋರಿದ್ದರೆ ತೆಗೆದುಹಾಕಿ, ಅಡಿಗೆಸೋಡದ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ತಗಡುಗಳನ್ನು ಒರೆಸಿ ಚೆನ್ನಾಗಿ ಒಣಗಿಸಬೇಕು. ಒಳಯಂತ್ರಕ್ಕೆ ನೀರು ತಾಗಕೂಡದು. 15 ವೋಲ್ಟಿನ ಬ್ಯಾಟರಿ ಈಗ ಸುಲಭವಾಗಿ ಸಿಗದು. 3 ವೋಲ್ಟಿನ ಐದು ನಾಣ್ಯದಾಕಾರದ ಸೆಲ್ಲುಗಳನ್ನು ಸಾಲಾಗಿ ಜೋಡಿಸಿ ಕೆಲಸ ಸಾಗಿಸಬಹುದು. ತಿರುಗುಗುಂಡಿಗಳ ಸಂಪರ್ಕಗಳಿಗೆ ಮರಳುಕಾಗದ ಉಜ್ಜಬಾರದು, ಮೇಲಿನ ಲೇಪ ಹೋಗಿಬಿಡುತ್ತದೆ. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ದೊರೆಯುವ ಸಂಪರ್ಕಶೋಧಕ ದ್ರವ ಒಂದೆರಡು ಹನಿ ಸಾಕು. ಬಳಿಕ ಮೀಟರನ್ನು ಮಲಗಿಸಿ ಮುಖದ ಸ್ಕ್ರೂ ತಿರುಗಿಸಿ ಮುಳ್ಳನ್ನು ಸೊನ್ನೆಗೆ ತರಬೇಕು. ಕೊನೆಯದಾಗಿ ಹೊಸ ಸೆಲ್ಲೊಂದನ್ನು ಇದರಲ್ಲೂ ಡಿಜಿಟಲ್ ಮೀಟರಿನಲ್ಲೂ ಅಳೆದು ಹೋಲಿಸಬೇಕು. ಒಂದು ಅಳತೆಪಟ್ಟಿ ಸರಿಯಿದ್ದು ಮತ್ತೊಂದು ತಪ್ಪಿದರೆ, ವಯಸ್ಸಾಗಿ ಬೆಲೆ ಬದಲಾದ ರೆಸಿಸ್ಟರಿನ ಮೇಲೆ ಸಂಶಯಪಡಬಹುದು.

ಎಚ್ಚರಿಕೆಯ ಮಾತೊಂದಿದೆ. ಗೋಡೆಯ ವಿದ್ಯುತ್ತಿಗೆ ಜೋಡಿಸುವ ಹಳೆಯ ಆಸಿಲೋಸ್ಕೋಪು ಮುಂತಾದವನ್ನು, ವರ್ಷಾನುಗಟ್ಟಲೆ ಮಲಗಿದ್ದ ಮೇಲೆ, ಹಾಗೆಯೇ ಚಾಲೂ ಮಾಡಕೂಡದು. ಒಣಗಿದ ಕೆಪಾಸಿಟರು ಸಿಡಿಯಬಹುದು. ಆರಿಸಿದ ಮೇಲೂ ಅದರಲ್ಲಿ ಉಳಿದ ವಿದ್ಯುತ್ತು ಪ್ರಾಣಕ್ಕೆ ಸಂಚಕಾರ ತಂದೀತು. ಅದು ಬಲ್ಲವರ ಕೆಲಸ. ಯುದ್ಧಕಾಲದ ಕೆಲವು ಮೀಟರುಗಳ ಅಂಕಿಗಳಿಗೆ ರೇಡಿಯಂ ಬಣ್ಣ ಬಳಿದಿರುವುದುಂಟು, ಅಂತಹವನ್ನು ಬಿಚ್ಚಲೇಬಾರದು. ದುರಸ್ತಿಯಾದ ಏವೋ ಕೂಡ ಸೆಲ್ಲುಗಳ ಅಳತೆಗಿರಲಿ, ಮನೆಯ ಪ್ಲಗ್ಗಿನ ಪರೀಕ್ಷೆಗೆ ಬೇಡ. ಬಿರಿದ ಹಳೆಯ ತಂತಿಗಳನ್ನು ನಂಬುವಂತಿಲ್ಲ.

ಪರಸ್ಥಳದಲ್ಲಿ ಬೆಳೆದ ನಮ್ಮ ಮಕ್ಕಳು ಅಡಿಗೆಮನೆಯ ಕನ್ನಡ, ಹಬ್ಬಹರಿದಿನಗಳ ಕನ್ನಡ ಬಲ್ಲರು. ಅಜ್ಜ ನಲವತ್ತು ವರ್ಷ ಹೊರಗೆ ಏನು ಮಾಡಿದರೆಂಬುದನ್ನು ಮಾತ್ರ ಅವರು ಅವರ ಬಾಯಿಂದ ಕೇಳಿರುವುದು ಕಡಮೆ. ಮೀಟರನ್ನು ಮೇಜಿನ ಮೇಲಿಟ್ಟು ಮೊಮ್ಮಗಳ ಕೈಗೆ ಸ್ಕ್ರೂಡ್ರೈವರ್ ಕೊಟ್ಟು ನೋಡಿ. ಅಜ್ಜನಿಗೆ ಕೈ ನಡುಗಿದರೂ ಮಾತು ತಾನಾಗಿ ಹೊರಡುವುದು. ಅವರು ದುಡಿದ ಊರು, ಖಾತೆ, ವರ್ಷಗಳನ್ನು ಒಂದು ಚೀಟಿಯಲ್ಲಿ ಬರೆದು ಮೀಟರಿನ ಹಿಡಿಗೆ ಕಟ್ಟಿಡಿ. ಮುಳ್ಳು ಅಲುಗಿದರೆ ನಮಗೂ ಒಂದು ಕಾಗದ ಬರೆಯಿರಿ. ಅಲುಗದಿದ್ದರೂ ಬರೆಯಿರಿ; ಮುಂದಿನ ಸಂಚಿಕೆಯಲ್ಲಿ ಕೂಡಿ ಯೋಚಿಸೋಣ.