ಆರೋಗ್ಯ ವಿಚಾರ: ಅಣುವನ್ನು ತೂಗುವ ತಕ್ಕಡಿ

ರಕ್ತವನ್ನು ಪರೀಕ್ಷಿಸಿ, ಡಿ ಜೀವಸತ್ವವು ಇಷ್ಟಿದೆಯೆಂದು ಬರೆದುಕೊಟ್ಟ ಚೀಟಿಯು ಈಗ ಅನೇಕ ಮನೆಗಳಲ್ಲಿ ಕಾಣಸಿಗುತ್ತದೆ. ಆ ಅಂಕಿಯನ್ನು ಕಂಡು ಹಿಗ್ಗುವವರೂ ಉಂಟು, ಕುಗ್ಗುವವರೂ ಉಂಟು. ಅದು ದೊರೆಯುವ ಬಗೆಯನ್ನು ಈ ಸಲ ನಮ್ಮ ವಾಚಕರಲ್ಲಿ ಅರಿಕೆ ಮಾಡಬಯಸುತ್ತೇವೆ.

ಬಿಸಿಲು ತಗುಲಿದಾಗ ಚರ್ಮದಲ್ಲಿರುವ ಜಿಡ್ಡಿನಂಥ ಒಂದು ವಸ್ತುವು ಡಿ ಜೀವಸತ್ವವಾಗಿ ಮಾರ್ಪಡುತ್ತದೆ. ಆದರೆ ಹುಟ್ಟಿದೊಡನೆಯೇ ಅದು ಕೆಲಸಕ್ಕೆ ಒದಗದು. ಮೊದಲು ಯಕೃತ್ತಿನಲ್ಲಿ, ಬಳಿಕ ಮೂತ್ರಪಿಂಡದಲ್ಲಿ ಸಂಸ್ಕಾರ ಹೊಂದಿದ ಮೇಲೆಯೇ, ಆಹಾರದ ಸುಣ್ಣದಂಶವು ಕರುಳಿನಿಂದ ದೇಹಕ್ಕೆ ಸೇರುವಂತೆ ಮಾಡಬಲ್ಲದು. ಯಕೃತ್ತಿನಲ್ಲಾಗುವ ರೂಪವನ್ನು 1968ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೆಲೂಕಾ ಅವರೂ ಅವರ ಸಂಗಡಿಗರೂ ಹಂದಿಯ ರಕ್ತದಿಂದ ಬೇರ್ಪಡಿಸಿ ಗುರುತಿಸಿದರು. ಆ ಗುರುತಿಗೆ ನೆರವಾದ ಸಾಧನಗಳಲ್ಲಿ ಮಾಸ್ ಸ್ಪೆಕ್ಟ್ರೋಮೀಟರು ಒಂದು. ಇಂದು ವೈದ್ಯರು ಸಾಮಾನ್ಯವಾಗಿ ಅಳೆಯಿಸುವುದೂ ಈ ರೂಪವನ್ನೇ.

ಈ ಯಂತ್ರವನ್ನು ಅಣುಗಳ ತಕ್ಕಡಿಯೆಂದರೆ ಸಲ್ಲುತ್ತದೆ. ಇದು ಅಣುಗಳಿಗೆ ವಿದ್ಯುದಂಶವನ್ನು ಕೂಡಿಸಿ, ನಿರ್ವಾತದಲ್ಲಿ ಹರಿಯಿಸಿ, ಭಾರಕ್ಕೆ ತಕ್ಕಂತೆ ವಿಂಗಡಿಸುತ್ತದೆ. ಬೇಕಾದರೆ ಒಡೆದು ಚೂರುಗಳನ್ನೂ ತೂಗುತ್ತದೆ. ನಮ್ಮ ಚರ್ಮದಲ್ಲಿ ಹುಟ್ಟುವ ಡಿ3ರಿಂದಾದ ಯಕೃತ್ತಿನ ರೂಪದ ಅಣುತೂಕವು ಸುಮಾರು 400. ಅಣಬೆ ಮೊದಲಾದವುಗಳಿಂದ ದೊರೆಯುವ ಡಿ2ರಿಂದಾದುದರ ತೂಕವು ಸುಮಾರು 412. ಪ್ರತಿಕಾಯಗಳನ್ನು ಬಳಸುವ ಕೆಲವು ಪರೀಕ್ಷೆಗಳು ಇವೆರಡನ್ನೂ ಸರಿಸಮನಾಗಿ ಎಣಿಸಲಾರವು. ಯಂತ್ರವಾದರೋ ಒಂದೊಂದನ್ನೂ ಬೇರೆಯಾಗಿಯೇ ಲೆಕ್ಕ ಹಾಕುತ್ತದೆ.

ಹಾಗೆಂದು ತೂಕವೊಂದನ್ನೇ ನಂಬುವಂತಿಲ್ಲ. ಒಂದೇ ತೂಕದ ಎರಡು ಓಲೆಗಳಲ್ಲಿ ಒಂದರ ಕೊಂಡಿ ಮಾತ್ರ ಹಿಂದುಮುಂದಾಗಿದ್ದರೆ ತಕ್ಕಡಿಗೆ ತಿಳಿಯುವುದೆ? ಯಕೃತ್ತಿನ ರೂಪಕ್ಕೂ ಇಂಥ ಒಂದು ಅವಳಿಯುಂಟು. ಅದರ ಕಸುವು ಕಡಿಮೆ. 2006ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಸಂಶೋಧಕರು ಒಂದು ವರ್ಷ ತುಂಬದ 172 ಕೂಸುಗಳ ರಕ್ತವನ್ನು ನೋಡಲಾಗಿ, 39 ಕೂಸುಗಳಲ್ಲಿ ಈ ಅವಳಿಯು ಕಂಡುಬಂದಿತು. ಅವಳಿಯನ್ನೂ ಕೂಡಿಸಿ ಎಣಿಸಿದರೆ, ಜೀವಸತ್ವವು ಸಾಲದ ಕೂಸಿಗೂ ಸಾಕಷ್ಟಿದೆಯೆಂಬ ಚೀಟಿ ಬಂದೀತು. ತಾಯಿಯು ನಿಶ್ಚಿಂತಳಾಗಿರುವಾಗ ಮಗುವಿನ ಎಲುಬು ಮೆತ್ತಗಾದೀತು. ಇದಕ್ಕೆ ಪರಿಹಾರವಿಲ್ಲದಿಲ್ಲ. ತೂಗುವ ಮುನ್ನ ರಕ್ತದ ಸಾರವನ್ನು ತಕ್ಕ ಪದಾರ್ಥ ತುಂಬಿದ ಸಣ್ಣ ಕೊಳವೆಯಲ್ಲಿ ಹಾಯಿಸಿದರೆ, ಅವಳಿಗಳು ಒಂದರ ಹಿಂದೊಂದು ಹೊರಬೀಳುತ್ತವೆ.

ಹಿಂದೆ ಸೇರು ಪಾವುಗಳಿಗೆ ಮುದ್ರೆಯಿದ್ದಂತೆ ಈ ಅಳತೆಗೂ ಮಾನವು ಬೇಕಷ್ಟೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು 2009ರಲ್ಲಿ ಅದಕ್ಕಾಗಿ ರಕ್ತಸಾರದ ಮಾದರಿಗಳನ್ನು ಒದಗಿಸಿತು.

ನಮ್ಮ ಸೋದರಿಯರಲ್ಲಿ ಬಿನ್ನಹವಿಷ್ಟೆ: ಎರಡು ಬೇರೆ ವಿಧಾನಗಳಿಂದ ಬಂದ ಅಂಕಿಗಳನ್ನು ಒಂದಕ್ಕೊಂದು ಹೋಲಿಸಿ ಕಳವಳಪಡಬೇಡಿರಿ. ಕೂಸಿನ ಪರೀಕ್ಷೆಯಾದರೆ, ಅವಳಿಯನ್ನು ಬೇರ್ಪಡಿಸಿದ್ದಾರೆಯೇ ಎಂದು ವೈದ್ಯರನ್ನು ಕೇಳಿರಿ. ಅಂಕಿಯನ್ನು ನೋಡಿ ಔಷಧದ ತೊಟ್ಟುಗಳನ್ನು ತಾವಾಗಿ ಏರಿಸುವುದಾಗಲಿ ಇಳಿಸುವುದಾಗಲಿ ಸಲ್ಲದು.