ಎದೆಮಟ್ಟದ ನೀರಿನಲ್ಲಿ ಅರ್ಧ ಗಂಟೆ

ಬಾವಿಯಿಂದ ನೀರು ಸೇದಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕೊಡ ನೀರಿನೊಳಗೆ ಇರುವಷ್ಟು ಹೊತ್ತು ಭಾರವೇ ತಿಳಿಯದು. ಮೇಲೆ ಬಂದೊಡನೆ ರಟ್ಟೆ ಸೋಲುತ್ತದೆ. ಆರ್ಕಿಮಿಡೀಸನ ತತ್ವ ಪಾಠ ಮಾಡುವಾಗ ನಾನು ಕೊಡುವ ಉದಾಹರಣೆ ಇದೇ. ಈಗಿನ ಮಕ್ಕಳು ಬಾವಿ ಕಂಡಿಲ್ಲ, ಅವರ ಅಜ್ಜಿಯರು ಕಂಡಿದ್ದಾರೆ. ಆ ಅಜ್ಜಿಯರ ಮಂಡಿನೋವಿಗೂ ಇದೇ ತತ್ವ ಒದಗಿಬರುತ್ತದೆ.

ಸೊಂಟಮಟ್ಟದ ನೀರಿನಲ್ಲಿ ನಿಂತ ಹೆಂಗಸಿನ ಕಾಲುಗಳು ಹೊರುವುದು ಅವಳ ತೂಕದ ಸುಮಾರು ಅರ್ಧ. ಎದೆಮಟ್ಟಕ್ಕೆ ಇಳಿದರೆ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಅಂದರೆ 65 ಕಿಲೋ ತೂಗುವವರಿಗೆ 20 ಕಿಲೋ ಆಸುಪಾಸು.

ಭಾರವೇ ಇಲ್ಲದ ಮೇಲೆ ವ್ಯಾಯಾಮ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನೀರಿನ ಸಾಂದ್ರತೆ ಗಾಳಿಯದಕ್ಕಿಂತ ಸುಮಾರು 800 ಪಟ್ಟು ಹೆಚ್ಚು. ಕೈಕಾಲು ಆಡಿಸಿದರೆ ಅದು ತಡೆಯುತ್ತದೆ. ವೇಗ ಇಮ್ಮಡಿಯಾದರೆ ತಡೆ ನಾಲ್ಕು ಪಟ್ಟು. ನಿಧಾನವಾಗಿ ಬೀಸಿದರೆ ಹಗುರ, ರಭಸದಿಂದ ಬೀಸಿದರೆ ಭಾರ. ವಾಟರ್ ಏರೋಬಿಕ್ಸ್‌ನ ಗುಟ್ಟು ಇಷ್ಟೆ. ನೀರಿನಲ್ಲಿ ನಿಂತು ನಡೆಯುವುದು, ಮಂಡಿ ಎತ್ತುವುದು, ಕಾಲು ಪಕ್ಕಕ್ಕೆ ಚಾಚುವುದು, ಅಂಗೈಯಿಂದ ನೀರು ತಳ್ಳುವುದು. ಈಜು ಬರಬೇಕಾಗಿಲ್ಲ, ತಲೆಯೂ ನೆನೆಯುವುದಿಲ್ಲ. ವಾರಕ್ಕೆ ಎರಡು ಮೂರು ದಿನ, ಅರ್ಧ ಗಂಟೆ ಸಾಕು.

ಮಂಡಿ ಮತ್ತು ಸೊಂಟದ ಕೀಲುಸವೆತದ ಮೇಲೆ ನಡೆದ ಇಂಥ 13 ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆ 2016ರಲ್ಲಿ ಪರಿಶೀಲಿಸಿತು. ಭಾಗವಹಿಸಿದವರಲ್ಲಿ ಮುಕ್ಕಾಲು ಪಾಲು ಹೆಂಗಸರೇ. ನೋವು ಸ್ವಲ್ಪ ತಗ್ಗಿತು, ಓಡಾಟ ಸ್ವಲ್ಪ ಸುಧಾರಿಸಿತು ಎಂದು ತೀರ್ಮಾನ. 'ಸ್ವಲ್ಪ' ಎಂಬುದನ್ನು ಗಮನಿಸಿ. ಸವೆದ ಮೃದ್ವಸ್ಥಿ ಮತ್ತೆ ಬೆಳೆಯುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ನನ್ನ ಅಕ್ಕನಿಗೆ ಆ ಸ್ವಲ್ಪವೇ ದೊಡ್ಡದಾಯಿತು. ಮೆಟ್ಟಿಲಿಗೆ ಹೆದರಿ ಮದುವೆಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದವಳು ಈಗ ಲಗ್ನಪತ್ರಿಕೆ ಬಂದರೆ ಛತ್ರ ಯಾವುದೆಂದು ಕೇಳುವುದಿಲ್ಲ, ಊಟಕ್ಕೆ ಏನೆಂದು ಕೇಳುತ್ತಾಳೆ.

ಮೂಳೆಯ ಗಟ್ಟಿತನಕ್ಕೆ ಮಾತ್ರ ಭಾರ ಬೇಕೇ ಬೇಕು. ಹಾಗಾಗಿ ಕೊಳಕ್ಕೆ ಹೋಗುವವರೂ ಆದಷ್ಟು ನೆಲದ ಮೇಲೆ ನಡೆಯಬೇಕು. ಇನ್ನೊಂದು ಎಚ್ಚರಿಕೆ: ನೀರಿನ ಒತ್ತಡ ಕಾಲಿನ ರಕ್ತವನ್ನು ಎದೆಯತ್ತ ತಳ್ಳುತ್ತದೆ. ಊದಿದ ಪಾದಕ್ಕೆ ಹಿತ, ದುರ್ಬಲ ಹೃದಯಕ್ಕೆ ಹೊರೆ. ಹೃದ್ರೋಗವಿದ್ದವರು, ರಕ್ತದೊತ್ತಡ ಹತೋಟಿಯಲ್ಲಿಲ್ಲದವರು ವೈದ್ಯರನ್ನು ಕೇಳದೆ ಇಳಿಯಕೂಡದು. ಇದೇ ಒತ್ತಡದಿಂದ ಮೂತ್ರವೂ ಬೇಗ ಬರುತ್ತದೆ, ಮೊದಲೇ ಹೋಗಿ ಬನ್ನಿ. (ಸಂಕೋಚದಿಂದ ಯಾರೂ ಹೇಳುವುದಿಲ್ಲ, ಅದಕ್ಕೆ ಹೇಳಿದೆ.) ನೀರಿನಲ್ಲಿ ಬೆವರಿದ್ದೂ ತಿಳಿಯದು, ಹೊರಬಂದ ಮೇಲೆ ಎರಡು ಲೋಟ ನೀರು ಕುಡಿಯಿರಿ.

ನಮ್ಮ ಊರುಗಳಲ್ಲಿ ನಿಜವಾದ ತೊಡಕು ಬಟ್ಟೆ ಮತ್ತು ವೇಳೆ. ಸೀರೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಅಪಾಯ. ಮೊಣಕೈ, ಮೊಣಕಾಲು ಮುಚ್ಚುವ ಈಜುಡುಗೆ ಪೇಟೆಯಲ್ಲಿ ಸಿಗುತ್ತದೆ. ವೇಳೆಯದೇ ಕಷ್ಟ. ಬೆಳಿಗ್ಗೆ ಸಂಜೆ ಕೊಳವೆಲ್ಲ ಹುಡುಗರದು. ಹನ್ನೊಂದು ಗಂಟೆಗೆ ಅದೇ ಕೊಳ ಎಷ್ಟೋ ಕಡೆ ಖಾಲಿ ಬಿದ್ದಿರುತ್ತದೆ, ಬಿಸಿಲಿಗೆ ನೀರಿನ ಚಳಿಯೂ ಮುರಿದಿರುತ್ತದೆ. ಐದಾರು ಮಂದಿ ಸೇರಿ ಆ ಒಂದು ಗಂಟೆಯನ್ನು ಹೆಂಗಸರಿಗೆಂದು ಕೇಳಿ. ಹಾಗೆಯೇ, ಇಳಿಯಲು ನೇರ ಏಣಿಯ ಬದಲು ಕಂಬಿಯಿರುವ ಮೆಟ್ಟಿಲಿದೆಯೇ ನೋಡಿಕೊಳ್ಳಿ. ದಂಡೆ ಜಾರುತ್ತದೆ; ರಬ್ಬರ್ ಚಪ್ಪಲಿಯನ್ನು ನೀರಿನ ಅಂಚಿನಲ್ಲೇ ಬಿಡಿ.